ಕಿಡ್ನಿಗೆ ಹಾನಿ ಮಾಡುವ ವಸ್ತುಗಳ ಪರೀಕ್ಷೆ: ಕೋಶದ ಪ್ಲೇಟಿನಿಂದ ಇಲಿಯ ಮೂತ್ರದವರೆಗೆ ಒಂದು ಸಮಗ್ರ ಮಾರ್ಗದರ್ಶಿ

1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳ ಪ್ರಾಣ ತೆಗೆದದ್ದು ಗ್ಲಿಸರಿನ್‌ನಲ್ಲಿ ಬೆರೆತಿದ್ದ ಡೈಎಥಿಲೀನ್ ಗ್ಲೈಕಾಲ್. 2022ರಲ್ಲಿ ಗ್ಯಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡ ಕೆಡಿಸಿದ್ದೂ ಅದೇ. ಇಷ್ಟು ಕ್ರೂರವಾದ ವಿಷವನ್ನು ಮೂತ್ರಪಿಂಡದ ಕೋಶಗಳಿರುವ ಪ್ಲೇಟಿಗೆ ನೇರವಾಗಿ ಹಾಕಿ ನೋಡಿದರೆ ಕೋಶಗಳು ಸಾಯುವುದಿಲ್ಲ. ಯಕೃತ್ತಿನಲ್ಲಿ ಅದು ಡೈಗ್ಲೈಕಾಲಿಕ್ ಆಮ್ಲವಾಗಿ ಮಾರ್ಪಟ್ಟ ಮೇಲೆಯೇ ನಳಿಕೆಯ ಕೋಶಗಳನ್ನು ಕೊಲ್ಲುತ್ತದೆ. ಪ್ಲೇಟಿನಲ್ಲಿ ಯಕೃತ್ತು ಇಲ್ಲ.

ಈ ಕ್ಷೇತ್ರದ ಮುಖ್ಯ ತೊಡಕು ಇದೇ. "ಹಾನಿ ಇದೆ" ಎಂದು ತೋರಿಸುವುದು ಕಷ್ಟವಲ್ಲ, ಸಾಕಷ್ಟು ಸುರಿದರೆ ಯಾವ ವಸ್ತುವೂ ಕೋಶವನ್ನು ಕೊಂದೀತು. "ಹಾನಿ ಇಲ್ಲ" ಎಂದು ಬರೆದು ಸಹಿ ಹಾಕುವಾಗ ಮಾತ್ರ ಕೈ ತಡೆಯಬೇಕು. ವಸ್ತು ಕೋಶದೊಳಗೆ ಹೋಗಿತ್ತೇ? ದೇಹದಲ್ಲಿ ಆಗುವ ರೂಪಾಂತರ ಇಲ್ಲಿ ಆಗಿತ್ತೇ? ಅಳತೆಯ ಬಣ್ಣವೇ ಮೋಸ ಮಾಡಿತೇ? ಕೆಳಗಿನ ಹೆಜ್ಜೆಗಳಲ್ಲಿ ಅರ್ಧದಷ್ಟು ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲೆಂದೇ ಇವೆ.

ಕೋಶದ ಆಯ್ಕೆ

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳ ಪಾಲು. ಅಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಪ್ರಾಕ್ಸಿಮಲ್ ನಳಿಕೆಯ, ಅಂದರೆ ಸೋಸಿದ ದ್ರವ ಮೊದಲು ಹರಿಯುವ ನಳಿಕೆಯ ಕೋಶಗಳು. ರಕ್ತದಿಂದಲೋ ಸೋಸಿ ಬಂದ ದ್ರವದಿಂದಲೋ ಔಷಧಿಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಪ್ರೋಟೀನುಗಳು ಇರುವುದು ಅವುಗಳಲ್ಲಿ: ಆಮ್ಲೀಯ ವಸ್ತುಗಳಿಗೆ ಓಎಟಿ1 ಮತ್ತು ಓಎಟಿ3, ಧನ ವಿದ್ಯುದಂಶದ ವಸ್ತುಗಳಿಗೆ ಓಸಿಟಿ2, ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್‌ಗಳಿಗೆ ಮೆಗಾಲಿನ್. ಹಾಗಾಗಿ ಪರೀಕ್ಷೆಗೆ ಬೇಕಿರುವುದು ಪ್ರಾಕ್ಸಿಮಲ್ ಕೋಶ. ನಾಯಿಯ ಮೂತ್ರಪಿಂಡದಿಂದ ಬಂದ ಎಂಡಿಸಿಕೆ ಕೋಶಗಳು ಬಹಳ ಲ್ಯಾಬುಗಳಲ್ಲಿ ಸಿಗುತ್ತವೆ. ಆದರೆ ಅವುಗಳ ಗುಣ ನಳಿಕೆಯ ಕೊನೆಯ ಭಾಗದ್ದು, ಈ ಕೆಲಸಕ್ಕೆ ಹೊಂದುವುದಿಲ್ಲ.

ಎಚ್‌ಕೆ-2 ಮನುಷ್ಯನ ಪ್ರಾಕ್ಸಿಮಲ್ ಕೋಶ. ಪ್ಯಾಪಿಲೋಮಾ ವೈರಸ್-16ರ ಇ6, ಇ7 ಜೀನುಗಳನ್ನು ಸೇರಿಸಿ ಸತತವಾಗಿ ಬೆಳೆಯುವಂತೆ ಮಾಡಿದ ಈ ಸಾಲು 1994ರಿಂದ ಬಳಕೆಯಲ್ಲಿದೆ. ಬೇಗ ಬೆಳೆಯುತ್ತದೆ, ಖರ್ಚು ಕಡಿಮೆ, ಮೊದಲ ಜರಡಿಗೆ ಸಾಕು. ಕೊರತೆಯೆಂದರೆ ಓಎಟಿ1, ಓಎಟಿ3, ಓಸಿಟಿ2 ಮೂರೂ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಟೆಲೊಮರೇಸ್ ಸೇರಿಸಿದ ಆರ್‌ಪಿಟಿಇಸಿ/ಟಿಇಆರ್‌ಟಿ1 ಮೂಲ ಕೋಶಕ್ಕೆ ಇನ್ನೂ ಹತ್ತಿರ, ಆದರೆ ತಾಳ್ಮೆ ಕೇಳುತ್ತದೆ. ತಳ ಪೂರ್ತಿ ತುಂಬಿದ ಮೇಲೂ ಒಂದು ವಾರದಿಂದ ಹತ್ತು ದಿನ ಮೀಡಿಯಾ (ಕೋಶ ಬೆಳೆಸುವ ಪೋಷಕ ದ್ರವ) ಬದಲಿಸುತ್ತ ಕಾಯಬೇಕು. ಸಿದ್ಧವಾಗಿದೆಯೇ ಎಂದು ಕಣ್ಣಲ್ಲೇ ತಿಳಿಯುತ್ತದೆ: ಸೂಕ್ಷ್ಮದರ್ಶಕದಡಿ ಕೋಶಗಳ ಹಾಳೆ ಅಲ್ಲಲ್ಲಿ ತಳ ಬಿಟ್ಟು, ಹಪ್ಪಳ ಉಬ್ಬಿದ ಹಾಗೆ ಗುಮ್ಮಟವಾಗಿ ಎದ್ದಿರುತ್ತದೆ. ಕೋಶಗಳು ನೀರು, ಲವಣಗಳನ್ನು ಮೇಲಿಂದ ಹೀರಿ ಕೆಳಗೆ ತಳ್ಳುತ್ತಿರುವುದರಿಂದ ಆಗುವ ಉಬ್ಬು ಅದು. ಹೊಸಬರು ಇದನ್ನು ಕೋಶ ಕಿತ್ತು ಬರುತ್ತಿದೆ ಎಂದುಕೊಂಡು ಪ್ಲೇಟ್ ಎಸೆಯುವುದುಂಟು. ಎಸೆಯಬೇಡಿ, ನಿಮಗೆ ಬೇಕಾದದ್ದೇ ಅದು.

ಕೋಶಗಳನ್ನು ಪಕ್ಕದ ಲ್ಯಾಬಿನಿಂದ ಬೇಡಿ ತರುವ ಬದಲು ಪುಣೆಯ ಎನ್‌ಸಿಸಿಎಸ್‌ನಂಥ ಕೋಶ ಭಂಡಾರದಿಂದಲೋ ಅಧಿಕೃತ ಮಾರಾಟಗಾರರಿಂದಲೋ ತರಿಸಿ. ಬಂದ ದಿನವೇ ಮೈಕೊಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾಕ್ಕೆ ಪಿಸಿಆರ್ ಮಾಡಿಸಿ. ಮೈಕೊಪ್ಲಾಸ್ಮಾ ತಗುಲಿದ ಕೋಶ ನೋಡಲು ಚೆನ್ನಾಗಿಯೇ ಇರುತ್ತದೆ, ಎಂಟಿಟಿ (ಜೀವಂತ ಕೋಶ ನೇರಳೆಗೆ ತಿರುಗಿಸುವ ಬಣ್ಣ) ಪರೀಕ್ಷೆಯ ಅಂಕಿಗಳನ್ನು ಮಾತ್ರ ಹಾಳುಮಾಡುತ್ತದೆ.

ಪ್ಲೇಟಿನ ನಕ್ಷೆ

ಕೋಶ ಬಿತ್ತುವ ಮೊದಲು ಕಾಗದದ ಮೇಲೆ ಪ್ಲೇಟಿನ 96 ವೆಲ್‌ಗಳ (ಪುಟ್ಟ ಗುಳಿಗಳ) ನಕ್ಷೆ ಬರೆಯಿರಿ. ಅಂಚಿನ 36 ವೆಲ್‌ಗಳನ್ನು ಪ್ರಯೋಗಕ್ಕೆ ಬಳಸಬಾರದು. ಇನ್‌ಕ್ಯುಬೇಟರಿನಲ್ಲಿ ಅಲ್ಲಿಂದಲೇ ನೀರು ಆರುತ್ತದೆ, ಡೋಸ್ ಗಟ್ಟಿಯಾಗುತ್ತದೆ. ಅವಕ್ಕೆ 200 ಮೈಕ್ರೊಲೀಟರ್ ಸ್ಟೆರೈಲ್ ಪಿಬಿಎಸ್ (ಲವಣದ ಬಫರ್ ದ್ರಾವಣ) ತುಂಬಿಬಿಡಿ. ಉಳಿಯುವುದು ಬಿ ಸಾಲಿನಿಂದ ಜಿ ಸಾಲಿನವರೆಗೆ, 2ರಿಂದ 11ರವರೆಗಿನ ಕಾಲಂಗಳು, ಒಟ್ಟು 60 ವೆಲ್.

2ನೇ ಕಾಲಂ: ಮೇಲಿನ ಮೂರರಲ್ಲಿ ಏನೂ ಹಾಕದ ಕೋಶ, ಕೆಳಗಿನ ಮೂರರಲ್ಲಿ ಕೊನೆಗೆ ಟ್ರೈಟಾನ್ ಎಂಬ ಮಾರ್ಜಕ ಹಾಕಿ ಪೂರ್ತಿ ಒಡೆಯುವ ಕೋಶ.
3ನೇ ಕಾಲಂ: ಮೇಲಿನ ಮೂರರಲ್ಲಿ ಡಿಎಂಎಸ್‌ಒ (ವಸ್ತು ಕರಗಿಸುವ ದ್ರಾವಕ) ಮಾತ್ರ, ಕೆಳಗಿನ ಮೂರರಲ್ಲಿ ಸಲೈನ್ ಮಾತ್ರ.
4ರಿಂದ 9: ಪರೀಕ್ಷಾ ವಸ್ತುವಿನ ಆರು ಡೋಸ್, ಪ್ರತಿ ಡೋಸಿಗೆ ಆರು ವೆಲ್.
10ನೇ ಕಾಲಂ: ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ, ಅಂದರೆ ಖಚಿತವಾಗಿ ಹಾನಿ ಮಾಡುವ ವಸ್ತು.
11ನೇ ಕಾಲಂ: ಕೋಶವೇ ಇಲ್ಲ. ಮೇಲಿನ ಮೂರರಲ್ಲಿ ಬರೀ ಮೀಡಿಯಾ, ಕೆಳಗಿನ ಮೂರರಲ್ಲಿ ಮೀಡಿಯಾ ಜೊತೆಗೆ ಅತಿ ಹೆಚ್ಚಿನ ಡೋಸ್.

ಈ ಕೊನೆಯ ಕಾಲಂ ದಂಡ ಎಂದು ಬಿಟ್ಟುಬಿಡುವವರು ಬಹಳ. ಗಿಡಮೂಲಿಕೆಯ ಸಾರ, ಕಷಾಯ ಪರೀಕ್ಷಿಸುವವರಿಗಂತೂ ಅದಿಲ್ಲದೆ ಫಲಿತಾಂಶವೇ ಇಲ್ಲ. ಕಾರಣ ಮುಂದೆ ಬರುತ್ತದೆ.

ಬಿತ್ತುವುದು

ಎಚ್‌ಕೆ-2ಗೆ ಕೆರಟಿನೊಸೈಟ್ ಸೀರಂ-ಫ್ರೀ ಮೀಡಿಯಾ ಬಳಸಿ. ಅದಕ್ಕೆ ಪ್ರತಿ ಮಿಲಿಲೀಟರಿಗೆ 0.05 ಮಿಲಿಗ್ರಾಂ ಬೊವೈನ್ ಪಿಟ್ಯುಟರಿ ಸಾರ, 5 ನ್ಯಾನೊಗ್ರಾಂ ಇಜಿಎಫ್ (ಬೆಳವಣಿಗೆಯ ಪ್ರೋಟೀನ್) ಸೇರಿರಬೇಕು. ಈ ಮೀಡಿಯಾದಲ್ಲಿ ಸೀರಂ ಇಲ್ಲದಿರುವುದರಿಂದ, ಕೋಶಗಳನ್ನು ತಳದಿಂದ ಬಿಡಿಸಲು ಹಾಕುವ ಟ್ರಿಪ್ಸಿನ್ ಕಿಣ್ವದ ಕೆಲಸ ತಾನಾಗಿ ನಿಲ್ಲುವುದಿಲ್ಲ. ಕೋಶ ಬಿಡಿಸಿದ ಕೂಡಲೇ ಸೋಯಾಬೀನ್ ಟ್ರಿಪ್ಸಿನ್ ಇನ್‌ಹಿಬಿಟರ್ ಹಾಕಿ, 200 ಜಿಯಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ದ್ರವ ತೆಗೆದು ಹೊಸ ಮೀಡಿಯಾದಲ್ಲಿ ಕದಡಿ. ಈ ಹೆಜ್ಜೆ ತಪ್ಪಿದರೆ ಮರುದಿನ ಅರ್ಧ ಕೋಶ ತೇಲುತ್ತಿರುತ್ತದೆ.

ಎಣಿಕೆಗೆ ಕೋಶದ ದ್ರವವನ್ನೂ, ಸತ್ತ ಕೋಶಕ್ಕಷ್ಟೇ ಹತ್ತುವ ಟ್ರಿಪಾನ್ ಬ್ಲೂ ಬಣ್ಣವನ್ನೂ ಸಮಸಮ ಬೆರೆಸಿ. ಎಣಿಕೆ ಚೌಕದ ನಾಲ್ಕು ಮೂಲೆಗಳಲ್ಲಿ ಸರಾಸರಿ 60 ಜೀವಂತ ಕೋಶ ಸಿಕ್ಕಿದರೆ, 60 × 2 × 10,000, ಅಂದರೆ ಮಿಲಿಲೀಟರಿಗೆ 12 ಲಕ್ಷ. ವೆಲ್‌ಗೆ 100 ಮೈಕ್ರೊಲೀಟರಿನಲ್ಲಿ 10,000 ಕೋಶ ಬೇಕು, ಆದ್ದರಿಂದ 0.5 ಮಿ.ಲೀ. ಕೋಶದ ದ್ರವಕ್ಕೆ 5.5 ಮಿ.ಲೀ. ಮೀಡಿಯಾ ಸೇರಿಸಿ. ಒಂದು ಪ್ಲೇಟಿನ 54 ವೆಲ್‌ಗಳಿಗೆ ಸಾಕಾಗಿ ಚೂರು ಉಳಿಯುತ್ತದೆ. ಪ್ರಯೋಗ 72 ಗಂಟೆಯದಾದರೆ 5,000 ಕೋಶ ಸಾಕು, ಇಲ್ಲವಾದರೆ ಔಷಧಿಗಿಂತ ಮೊದಲು ಜಾಗದ ಕೊರತೆಯೇ ಅವನ್ನು ಕೊಲ್ಲುತ್ತದೆ. ನಡುನಡುವೆ ಟ್ಯೂಬನ್ನು ಮೇಲೆಕೆಳಗೆ ಮಾಡುತ್ತಿರಿ. ಕೋಶ ತಳ ಸೇರಿದರೆ ಕೊನೆಯ ಕಾಲಂಗಳಿಗೆ ಹೆಚ್ಚು ಬೀಳುತ್ತದೆ.

ಬಿತ್ತಿದ ಪ್ಲೇಟನ್ನು ಸಮತಟ್ಟಾದ ಮೇಜಿನ ಮೇಲೆ 15ರಿಂದ 20 ನಿಮಿಷ ಅಲುಗಿಸದೆ ಇಡಿ. ಆಮೇಲೆ 37 ಡಿಗ್ರಿ, ಶೇ 5 ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿಗೆ. ಕೈಯಲ್ಲಿ ಹಿಡಿದು ಗುಂಡಗೆ ತಿರುಗಿಸಿದರೆ ಕೋಶಗಳೆಲ್ಲ ನಡುವೆ ಗುಡ್ಡೆ ಬೀಳುತ್ತವೆ. 24 ಗಂಟೆ ಅಂಟಿಕೊಳ್ಳಲು ಬಿಡಿ.

ಡೋಸ್ ತಯಾರಿ

ಸಿಸ್‌ಪ್ಲಾಟಿನ್ನನ್ನು ಡಿಎಂಎಸ್‌ಒದಲ್ಲಿ ಕರಗಿಸಲೇಬಾರದು. ಡಿಎಂಎಸ್‌ಒದ ಗಂಧಕ ಪ್ಲಾಟಿನಂಗೆ ಅಂಟಿಕೊಂಡು ಔಷಧಿಯ ಶಕ್ತಿ ಹೋಗುತ್ತದೆ. ಹಾಗೆ ಮಾಡಿದ ಪ್ಲೇಟಿನಲ್ಲಿ "ವಿಷ" ಎಂದು ಇಟ್ಟುಕೊಂಡದ್ದೇ ಕೆಲಸ ಮಾಡುವುದಿಲ್ಲ. ಶೇ 0.9 ಸಲೈನ್‌ನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂನಂತೆ ಕರಗಿಸಿದರೆ 3.33 ಮಿಲಿಮೋಲಾರ್ ದ್ರಾವಣ. ಅದರ 15 ಮೈಕ್ರೊಲೀಟರನ್ನು 985 ಮೈಕ್ರೊಲೀಟರ್ ಮೀಡಿಯಾಗೆ ಹಾಕಿದರೆ 50 ಮೈಕ್ರೊಮೋಲಾರ್. ಸಲೈನ್ ಕಂಟ್ರೋಲಿಗೂ 15 ಮೈಕ್ರೊಲೀಟರ್ ಬರೀ ಸಲೈನ್. ಬೆಳಕಿನಿಂದ ಮರೆಮಾಡಿ, ಅಂದಂದೇ ಮಾಡಿಕೊಳ್ಳಿ. ಎರಡು ಜೊತೆ ಕೈಗವಸು ಹಾಕಿ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಸೈಟೊಟಾಕ್ಸಿಕ್ ಎಂದು ಗುರುತಿಸಿದ ಹಳದಿ ಚೀಲಕ್ಕೆ ಹಾಕಿ.

ಪರೀಕ್ಷಾ ವಸ್ತುವಿನ ಅತಿ ಹೆಚ್ಚಿನ ಡೋಸ್ ಎಷ್ಟಿರಬೇಕು? ಮನುಷ್ಯರ ರಕ್ತದಲ್ಲಿ ಅದು ಮುಟ್ಟುವ ಗರಿಷ್ಠ ಮಟ್ಟ ಗೊತ್ತಿದ್ದರೆ ಅದರ ನೂರು ಪಟ್ಟು ಇಡುವುದು ರೂಢಿ. ಗೊತ್ತಿಲ್ಲದಿದ್ದರೆ 100 ಮೈಕ್ರೊಮೋಲಾರಿನಿಂದ ಶುರುಮಾಡಿ. 100 ಮಿಲಿಮೋಲಾರ್ ಡಿಎಂಎಸ್‌ಒ ಸ್ಟಾಕಿನ 3 ಮೈಕ್ರೊಲೀಟರನ್ನು 3 ಮಿ.ಲೀ. ಮೀಡಿಯಾಗೆ ಹಾಕಿ, ಡಿಎಂಎಸ್‌ಒ ಶೇ 0.1 ಆಗುತ್ತದೆ. 1 ಮಿ.ಲೀ.ಗೆ 1 ಮೈಕ್ರೊಲೀಟರ್ ಹಾಕಿದರೂ ಲೆಕ್ಕ ಅದೇ, ಆದರೆ ಅಷ್ಟು ಸಣ್ಣ ಅಳತೆಯಲ್ಲಿ ಪಿಪೆಟಿನ ತಪ್ಪು ದೊಡ್ಡದು. ಇದರಲ್ಲಿ 316 ಮೈಕ್ರೊಲೀಟರ್ ತೆಗೆದು, ಶೇ 0.1 ಡಿಎಂಎಸ್‌ಒ ಇರುವ 684 ಮೈಕ್ರೊಲೀಟರ್ ಮೀಡಿಯಾಗೆ ಬೆರೆಸಿ. ಹೀಗೆ ಐದು ಸಲ ಮಾಡಿದರೆ 100, 31.6, 10, 3.16, 1, 0.316 ಸಿಗುತ್ತವೆ. ಬರೀ ಮೀಡಿಯಾದಲ್ಲಿ ತೆಳು ಮಾಡಿದರೆ ಡೋಸಿನ ಜೊತೆ ಡಿಎಂಎಸ್‌ಒ ಕೂಡ ಇಳಿಯುತ್ತ ಹೋಗಿ ಯಾವುದರ ಪರಿಣಾಮ ಎಂದು ಹೇಳಲಾಗದು.

ಹಾಕುವ ಮೊದಲು 100ರ ಟ್ಯೂಬಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಿ. ಹರಳು ಕಂಡರೆ ಆ ಡೋಸ್ ನಿಜವಾಗಿ 100 ಅಲ್ಲ. ಹರಳಿಲ್ಲದ ಡೋಸಿನವರೆಗೆ ಕೆಳಗಿಳಿಯಿರಿ. ನಂತರ ವೆಲ್‌ಗಳ ಹಳೆಯ ಮೀಡಿಯಾ ತೆಗೆದು 100 ಮೈಕ್ರೊಲೀಟರ್ ಡೋಸ್ ಹಾಕಿ. ಪಿಪೆಟಿನ ತುದಿ ಗೋಡೆಗೆ ತಾಗಿರಲಿ, ತಳಕ್ಕೆ ಬೇಡ.

ಒಂದೇ ಪ್ಲೇಟಿನಲ್ಲಿ ಎರಡು ಅಳತೆ

ಎಂಟಿಟಿ ಒಂದನ್ನೇ ನಂಬಬೇಡಿ. ಅದು ಅಳೆಯುವುದು ಕೋಶದ ಚಯಾಪಚಯದ ಚುರುಕನ್ನು, ಸಾವನ್ನಲ್ಲ. ಎಲ್‌ಡಿಎಚ್ ಪರೀಕ್ಷೆ ಕೋಶದ ಪೊರೆ ಒಡೆದಾಗ ಹೊರಬರುವ ಅದೇ ಹೆಸರಿನ ಕಿಣ್ವವನ್ನು ಅಳೆಯುತ್ತದೆ. ಎರಡೂ ಕೂಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಡೋಸ್ ಹಾಕಿ 24 ಗಂಟೆ ಮುಗಿಯಲು 45 ನಿಮಿಷ ಇರುವಾಗ 2ನೇ ಕಾಲಂನ ಕೆಳಗಿನ ಮೂರು ವೆಲ್‌ಗಳಿಗೆ ಶೇ 10ರ ಟ್ರೈಟಾನ್ ಎಕ್ಸ್-100 ದ್ರಾವಣ 10 ಮೈಕ್ರೊಲೀಟರ್ ಹಾಕಿ. ಉಳಿದ ಎಲ್ಲ ವೆಲ್‌ಗಳಿಗೂ 10 ಮೈಕ್ರೊಲೀಟರ್ ಪಿಬಿಎಸ್ ಹಾಕಿ, ಗಾತ್ರ ಒಂದೇ ಇರಲಿ. ಸಮಯವಾದ ಮೇಲೆ ಪ್ಲೇಟನ್ನು 250 ಜಿಯಲ್ಲಿ 4 ನಿಮಿಷ ತಿರುಗಿಸಿ, ಪ್ರತಿ ವೆಲ್‌ನಿಂದ 50 ಮೈಕ್ರೊಲೀಟರ್ ದ್ರವವನ್ನು ಹೊಸ ಪ್ಲೇಟಿಗೆ ವರ್ಗಾಯಿಸಿ. ಅದಕ್ಕೆ ಎಲ್‌ಡಿಎಚ್ ಕಿಟ್ಟಿನ 50 ಮೈಕ್ರೊಲೀಟರ್ ಮಿಶ್ರಣ, ಕತ್ತಲಲ್ಲಿ 30 ನಿಮಿಷ, 50 ಮೈಕ್ರೊಲೀಟರ್ ಸ್ಟಾಪ್ ದ್ರಾವಣ, 490 ನ್ಯಾನೊಮೀಟರಿನಲ್ಲಿ ಓದು. ಗುಳ್ಳೆ ಇದ್ದರೆ ಸೂಜಿಯಿಂದ ಒಡೆಯಿರಿ, ಒಂದು ಗುಳ್ಳೆ ಓದನ್ನೇ ಕೆಡಿಸುತ್ತದೆ.

ಖಾಲಿ ವೆಲ್‌ನ ಓದು ಕಳೆದ ಮೇಲೆ ಲೆಕ್ಕ ಹೀಗೆ: ಏನೂ ಹಾಕದ ಕೋಶದ್ದು 0.25, ಟ್ರೈಟಾನಿನದು 1.45, ಒಂದು ಡೋಸಿನದು 0.65 ಇದ್ದರೆ, (0.65 − 0.25) ÷ (1.45 − 0.25), ಅಂದರೆ ಶೇ 33 ಸೋರಿಕೆ. ಎಲ್‌ಡಿಎಚ್ 37 ಡಿಗ್ರಿಯಲ್ಲಿ ಹೊತ್ತು ಕಳೆದಂತೆ ತಾನೇ ಕುಂದುತ್ತದೆ. ಹೀಗಾಗಿ 72 ಗಂಟೆಯ ಪ್ರಯೋಗದಲ್ಲಿ ಮೊದಲ ದಿನ ಸತ್ತ ಕೋಶಗಳು ಲೆಕ್ಕಕ್ಕೇ ಬರದೆ ಹೋಗಬಹುದು.

ಈಗ ಮೂಲ ಪ್ಲೇಟಿನಲ್ಲಿ ಉಳಿದ ದ್ರವ ತೆಗೆದು, ಬೆಚ್ಚಗಿನ ಪಿಬಿಎಸ್‌ನಿಂದ ಒಮ್ಮೆ ಮೆಲ್ಲಗೆ ತೊಳೆದು, ಮಿಲಿಲೀಟರಿಗೆ 0.5 ಮಿಲಿಗ್ರಾಂ ಎಂಟಿಟಿ ಇರುವ ಹೊಸ ಮೀಡಿಯಾ 100 ಮೈಕ್ರೊಲೀಟರ್ ಹಾಕಿ. ಮೂರು ಗಂಟೆ ಇನ್‌ಕ್ಯುಬೇಟರಿನಲ್ಲಿಡಿ. ತೆಗೆದು ನೋಡಿದರೆ ಜೀವವಿರುವ ಕೋಶಗಳ ಮೇಲೆ ನೇರಳೆ ಸೂಜಿಗಳು ಗರಿಯಂತೆ ಕವಲೊಡೆದಿರುತ್ತವೆ. ದ್ರವವನ್ನು ಮೇಲಿಂದ ಹುಷಾರಾಗಿ ಹೀರಿ, 100 ಮೈಕ್ರೊಲೀಟರ್ ಡಿಎಂಎಸ್‌ಒ ಹಾಕಿ, 15 ನಿಮಿಷ ಅಲುಗಾಡಿಸಿ. 570ರಲ್ಲಿ ಓದಿ 690ರ ಓದನ್ನು ಕಳೆಯಿರಿ. ಟ್ರೈಟಾನ್ ವೆಲ್‌ಗಳ ಎಂಟಿಟಿ ಓದಿಗೆ ಅರ್ಥವಿಲ್ಲ, ಬಿಟ್ಟುಬಿಡಿ.

11ನೇ ಕಾಲಂ ನೋಡುವ ಹೊತ್ತು ಇದು. ಕೋಶವೇ ಇಲ್ಲದ ವೆಲ್ ನೇರಳೆಯಾಗಿದ್ದರೆ ನಿಮ್ಮ ವಸ್ತುವೇ ಎಂಟಿಟಿಯನ್ನು ಬಣ್ಣಕ್ಕೆ ತಿರುಗಿಸುತ್ತಿದೆ. ಸಸ್ಯಗಳ ಪಾಲಿಫಿನಾಲ್‌ಗಳು ಇದನ್ನು ಲೀಲಾಜಾಲವಾಗಿ ಮಾಡುತ್ತವೆ. ಸತ್ತ ಕೋಶಗಳ ಮೇಲೆ ಹಾಕಿದರೂ "ಶೇ 110 ಜೀವಂತ" ಎಂದು ಬರುತ್ತದೆ, "ಮೂತ್ರಪಿಂಡಕ್ಕೆ ರಕ್ಷಣೆ" ಎಂಬ ತೀರ್ಮಾನವೂ ಹಿಂದೆಯೇ ಬರುತ್ತದೆ. ಅಂಥ ವಸ್ತುವಿಗೆ ಎಂಟಿಟಿ ಬಿಟ್ಟು ಕೋಶದ ಶಕ್ತಿಯ ಅಣುವಾದ ಎಟಿಪಿ ಅಳೆಯುವ ವಿಧಾನಕ್ಕೆ ಹೋಗಿ. ಎಲ್‌ಡಿಎಚ್‌ಗೂ ಒಂದು ಪರೀಕ್ಷೆ ಮಾಡಿ: ಟ್ರೈಟಾನ್ ಹಾಕಿದ ಕೋಶದ ದ್ರವಕ್ಕೆ ನಿಮ್ಮ ವಸ್ತು ಬೆರೆಸಿ ಓದಿ. ಓದು ಬಿದ್ದರೆ ಆ ವಸ್ತು ಕಿಣ್ವವನ್ನೇ ತಡೆಯುತ್ತಿದೆ.

ಎಂಟಿಟಿ ಬಿದ್ದು ಎಲ್‌ಡಿಎಚ್ ಏರದಿದ್ದರೆ ಕೋಶ ಇನ್ನೂ ಸತ್ತಿಲ್ಲ. ಮೈಟೊಕಾಂಡ್ರಿಯಾ ಏಟು ತಿಂದಿರಬಹುದು, ಇಲ್ಲವೇ ಬರೀ ಬೆಳವಣಿಗೆ ನಿಂತಿರಬಹುದು. ಎರಡನ್ನು ಬೇರ್ಪಡಿಸಲು ಕೋಶಗಳನ್ನು ಎಣಿಸಲೇಬೇಕು.

ಪ್ಲೇಟ್ ನಂಬಲು ಅರ್ಹವೇ ಎಂಬುದಕ್ಕೆ ಝಡ್-ಪ್ರೈಮ್ (ಕಂಟ್ರೋಲ್ ಮತ್ತು ವಿಷದ ಓದುಗಳು ಎಷ್ಟು ಸ್ಪಷ್ಟವಾಗಿ ಬೇರೆ ಎಂಬ ಅಂಕಿ) ಲೆಕ್ಕ ಹಾಕಿ. ಕಂಟ್ರೋಲ್ ಸರಾಸರಿ 1.00, ವಿಚಲನೆ 0.06, ಸಿಸ್‌ಪ್ಲಾಟಿನ್ ಸರಾಸರಿ 0.20, ವಿಚಲನೆ 0.04 ಇದ್ದರೆ 1 − 3 × (0.06 + 0.04) ÷ 0.80 = 0.625. ಇದು 0.5ಕ್ಕಿಂತ ಮೇಲಿದ್ದರೆ ಪ್ಲೇಟ್ ಚೆನ್ನಾಗಿದೆ. ಸಿಸ್‌ಪ್ಲಾಟಿನ್ ಕೆಲಸ ಮಾಡದ ಪ್ಲೇಟನ್ನು, ಪರೀಕ್ಷಾ ವಸ್ತುವಿನ ಫಲಿತಾಂಶ ಎಷ್ಟೇ ಸೊಗಸಾಗಿದ್ದರೂ, ಕೈಬಿಡಿ. ಎಚ್‌ಕೆ-2ರಲ್ಲಿ 24 ಗಂಟೆಗೆ ಪರಿಣಾಮ ಸಾಲದೆ ಬಂದರೆ 48ಕ್ಕೆ ಏರಿಸಿ. ಬೇರೆ ಬೇರೆ ದಿನ, ಬೇರೆ ಪಾಸೇಜಿನ (ಬೇರೆ ಸಲ ಬಿಡಿಸಿ ಮರುಬಿತ್ತಿದ) ಕೋಶದಲ್ಲಿ ಕನಿಷ್ಠ ಮೂರು ಸಲ ಮಾಡಿದ ಮೇಲಷ್ಟೇ ಐಸಿ50 (ಓದನ್ನು ಅರ್ಧಕ್ಕಿಳಿಸುವ ಡೋಸ್) ಬರೆಯಿರಿ. ಒಂದೇ ಪ್ಲೇಟಿನ ಆರು ವೆಲ್ ಆರು ಪ್ರಯೋಗವಲ್ಲ.

ಹಾನಿ ಕಾಣಲಿಲ್ಲ, ಮುಂದೇನು

ಮೊದಲು ಪ್ರವೇಶದ ಪ್ರಶ್ನೆ. ಅಡೆಫೊವಿರ್, ಸಿಡೊಫೊವಿರ್, ಟೆನೊಫೊವಿರ್ ಎಂಬ ವೈರಸ್ ವಿರೋಧಿ ಔಷಧಿಗಳು ಮೂತ್ರಪಿಂಡದ ಕೋಶಕ್ಕೆ ಹೋಗುವುದು ಮುಖ್ಯವಾಗಿ ಓಎಟಿ1 ಮೂಲಕ. ಆ ಬಾಗಿಲೇ ಇಲ್ಲದ ಎಚ್‌ಕೆ-2ರಲ್ಲಿ ಅವು ಸಾಧುಗಳಂತೆ ಕಾಣುತ್ತವೆ. ಓಎಟಿ1 ಸೇರಿಸಿದ ಸಿಐಪಿಟಿಇಸಿ ಎಂಬ ಪ್ರಾಕ್ಸಿಮಲ್ ಕೋಶಗಳಲ್ಲಿ ಅದೇ ಡೋಸುಗಳನ್ನು ಪುನಃ ಮಾಡಿ. ಜೊತೆಗೆ ಪ್ರೊಬೆನೆಸಿಡ್ ಹಾಕಿದ ಒಂದು ಸರಣಿ, ಪ್ರೊಬೆನೆಸಿಡ್ ಮಾತ್ರ ಇರುವ ಕಂಟ್ರೋಲ್ ಇರಲಿ. ಪ್ರೊಬೆನೆಸಿಡ್ ಆ ಬಾಗಿಲು ಮುಚ್ಚುತ್ತದೆ. ಅದು ಇದ್ದಾಗ ಕೋಶ ಉಳಿದು, ಇಲ್ಲದಾಗ ಸತ್ತರೆ ದಾರಿ ಯಾವುದೆಂದು ಖಾತ್ರಿಯಾಯಿತು. ಜೆಂಟಾಮೈಸಿನ್ ಬೇರೆ ಬಗೆಯದು. ಅದು ಮೆಗಾಲಿನ್ ಹಿಡಿದು ಒಳಸೇರಿ ಲೈಸೊಸೋಮಿನಲ್ಲಿ ಮೆಲ್ಲಗೆ ತುಂಬಿಕೊಳ್ಳುತ್ತದೆ. ಒಂದು ದಿನದ ಪ್ರಯೋಗದಲ್ಲಿ, ಮೈಕ್ರೊಮೋಲಾರ್ ಡೋಸಿನಲ್ಲಿ ಏನೂ ಕಾಣುವುದಿಲ್ಲ. ಮಿಲಿಮೋಲಾರ್ ಮಟ್ಟ, ಕೆಲವು ದಿನಗಳ ಕಾಲ ಬೇಕಾಗುತ್ತದೆ.

ಆಮೇಲೆ ರೂಪಾಂತರದ ಪ್ರಶ್ನೆ. ಯಕೃತ್ತಿನ ಎಸ್9 ಅಂಶದ (ಯಕೃತ್ತನ್ನು ಅರೆದು ತೆಗೆದ, ಕಿಣ್ವಗಳಿರುವ ದ್ರವದ) ಜೊತೆ ವಸ್ತುವನ್ನು ಮೊದಲು ಇನ್‌ಕ್ಯುಬೇಟರಿನಲ್ಲಿಟ್ಟು, ಆ ದ್ರವವನ್ನು ಕೋಶಕ್ಕೆ ಹಾಕುವುದು ಸರಳ ದಾರಿ. ಎಸ್9ಗೆ ಎಲ್ಲರೂ ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ಸೇರಿಸುತ್ತಾರೆ, ಅದು ಔಷಧಿಗಳನ್ನು ಬದಲಿಸುವ ಸಿವೈಪಿ ಕಿಣ್ವಗಳಿಗೆ ಬೇಕು. ಗ್ಲೈಕಾಲುಗಳನ್ನು ಬದಲಿಸುವುದು ಆಲ್ಕೊಹಾಲ್ ಡಿಹೈಡ್ರೊಜಿನೇಸ್, ಅದಕ್ಕೆ ಬೇಕಾದದ್ದು ಎನ್‌ಎಡಿ. ಅದನ್ನು ಹಾಕದಿದ್ದರೆ ಎಸ್9 ಇದ್ದೂ ಇಲ್ಲದಂತೆ. ನಿಮ್ಮ ಚಿಂತೆ ಸಿರಪ್ಪಿನ ಕಲಬೆರಕೆಯಾದರೆ ಕೋಶದ ಪರೀಕ್ಷೆಗೇ ಕಾಯಬೇಡಿ. ಗ್ಲಿಸರಿನ್ನಿನ ಪ್ರತಿ ಬ್ಯಾಚನ್ನೂ ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ನೋಡಿ. ಡೈಎಥಿಲೀನ್ ಗ್ಲೈಕಾಲ್, ಎಥಿಲೀನ್ ಗ್ಲೈಕಾಲ್ ಒಂದೊಂದೂ ಶೇ 0.10 ಮೀರಬಾರದು. ಮಕ್ಕಳ ಜೀವ ಉಳಿಸುವ ಪರೀಕ್ಷೆ ಅದು.

ಸಾವಿಗಿಂತ ಮೊದಲಿನ ಸೂಚನೆಗಳನ್ನೂ ಹುಡುಕಿ. ಹೀಮ್ ಆಕ್ಸಿಜನೇಸ್-1, ಐಎಲ್-6, ಐಎಲ್-8 ಜೀನುಗಳ ಏರಿಕೆ ಪಿಸಿಆರ್‌ನಲ್ಲಿ ಸಿಗುತ್ತದೆ. ಪ್ರಾಣಿಗಳ ಮೂತ್ರದಲ್ಲಿ ಅಷ್ಟು ಹೆಸರು ಮಾಡಿದ ಕಿಮ್-1 (ನಳಿಕೆಗೆ ಗಾಯವಾದಾಗ ಏರುವ ಪ್ರೋಟೀನ್) ಮಾತ್ರ ಪ್ಲೇಟಿನಲ್ಲಿ ಕೈಕೊಡುತ್ತದೆ, ಏಕೆಂದರೆ ಬೆಳೆಯುತ್ತಲೇ ಇರುವ ಕೋಶಸಾಲುಗಳಲ್ಲಿ ಏನೂ ಹಾಕದಿದ್ದರೂ ಅದು ಮೊದಲೇ ಏರಿರುತ್ತದೆ.

ಇಲಿಯ ಹಂತ

ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. 2023ರ ತಿದ್ದುಪಡಿಯಾದ ಮೇಲೆ ಭಾರತದ ಹೊಸ ಔಷಧ ನಿಯಮಗಳು ಚಿಪ್ ಮೇಲಿನ ಅಂಗದಂಥ ಪ್ರಾಣಿರಹಿತ ವಿಧಾನಗಳಿಗೂ ಜಾಗ ಕೊಟ್ಟಿವೆ. ಪ್ಲೇಟಿನಲ್ಲೇ ಉತ್ತರ ಸಿಕ್ಕಿದ್ದರೆ ಪ್ರಾಣಿ ಬೇಡ.

ಬೇಕೇ ಬೇಕಾದರೆ 180ರಿಂದ 220 ಗ್ರಾಂ ತೂಕದ ವಿಸ್ಟಾರ್ ಇಲಿಗಳು, ಗುಂಪಿಗೆ ಆರು, ಒಂದು ವಾರ ಹೊಂದಿಕೊಳ್ಳಲು ಬಿಡಿ. ಬರೀ ದ್ರಾವಕದ ಗುಂಪು, ಮೂರು ಡೋಸಿನ ಗುಂಪುಗಳು, ಖಚಿತ ಹಾನಿಗೆ ಜೆಂಟಾಮೈಸಿನ್: ಕಿಲೋಗೆ 80ರಿಂದ 100 ಮಿಲಿಗ್ರಾಂ, ದಿನಕ್ಕೊಮ್ಮೆ ಹೊಟ್ಟೆಯ ಪೊರೆಯೊಳಗೆ, 8 ದಿನ. ಡೋಸ್ ಶುರುವಾಗುವ ಮೊದಲೇ ಒಂದು ಸಲ ಮೂತ್ರ ಹಿಡಿದಿಟ್ಟುಕೊಳ್ಳಿ. ಆ ಮೊದಲ ಮಾದರಿ ಇಲ್ಲದಿದ್ದರೆ ಮುಂದಿನ ಅಂಕಿಗಳನ್ನು ಯಾವುದಕ್ಕೆ ಹೋಲಿಸುವುದು?

ಮೆಟಬಾಲಿಕ್ ಪಂಜರದಲ್ಲಿ ಮೂತ್ರದ ಕೊಳವೆ ಐಸಿನಲ್ಲಿ ಕುಳಿತಿರಬೇಕು. ಆಹಾರದ ಪುಡಿ, ಹಿಕ್ಕೆ ಬೀಳದಂತೆ ನೋಡಿ. ಬಿದ್ದರೆ ಪ್ರೋಟೀನ್ ಅಳತೆ ಹಾಳು. ತೆಗೆದ ಕೂಡಲೇ 4 ಡಿಗ್ರಿಯಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಸಣ್ಣ ಸಣ್ಣ ಟ್ಯೂಬಿಗೆ ಹಂಚಿ, ಮೈನಸ್ 80ಕ್ಕೆ ಹಾಕಿ. ಒಂದೇ ಟ್ಯೂಬನ್ನು ಕರಗಿಸಿ, ಹೆಪ್ಪುಗಟ್ಟಿಸಿ, ಮತ್ತೆ ಕರಗಿಸುವ ಅಭ್ಯಾಸ ಬೇಡ.

ಸೀರಂ ಕ್ರಿಯೇಟಿನಿನ್ ತಡವಾಗಿ ಏರುತ್ತದೆ. ಸೋಸುವ ಶಕ್ತಿ ಅರ್ಧದಷ್ಟು ಹೋಗುವವರೆಗೂ ಅದು ಸಹಜವಾಗಿಯೇ ಕಾಣಬಹುದು. ಇಲಿ ಸೊರಗಿ ಸ್ನಾಯು ಕರಗಿದರೆ ಇಳಿದೂ ತೋರಿಸೀತು. ಯೂರಿಯಾ ಇದರ ತದ್ವಿರುದ್ಧ, ನೀರು ಕುಡಿಯದೆ ಒಣಗಿದ ಇಲಿಯಲ್ಲೂ ಏರುತ್ತದೆ. ದಿನವೂ ತೂಕ, ಕುಡಿದ ನೀರು ಬರೆದಿಡುವುದು ಇದಕ್ಕೇ. ಕ್ರಿಯೇಟಿನಿನ್‌ಗೆ ಪಿಕ್ರಿಕ್ ಆಮ್ಲದ ಜಾಫೆ ವಿಧಾನಕ್ಕಿಂತ ಕಿಣ್ವ ವಿಧಾನ ಬಳಸಿ. ದಂಶಕಗಳ ರಕ್ತದಲ್ಲಿ ಕ್ರಿಯೇಟಿನಿನ್ ಅಲ್ಲದ ವಸ್ತುಗಳೂ ಜಾಫೆಯಲ್ಲಿ ಬಣ್ಣ ಕೊಟ್ಟು ಲೆಕ್ಕ ಏರಿಸುತ್ತವೆ.

ಮೂತ್ರದ ಗುರುತುಗಳು ಬೇಗ ಮಾತಾಡುತ್ತವೆ. 2008ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಇಲಿಗಳ ಅಧ್ಯಯನಕ್ಕೆ ಏಳನ್ನು ಒಪ್ಪಿದರು: ಕಿಮ್-1, ಆಲ್ಬುಮಿನ್, ಒಟ್ಟು ಪ್ರೋಟೀನ್, ಬೀಟಾ-2 ಮೈಕ್ರೊಗ್ಲೊಬ್ಯುಲಿನ್, ಸಿಸ್ಟಾಟಿನ್ ಸಿ, ಕ್ಲಸ್ಟರಿನ್, ಟ್ರೆಫಾಯಿಲ್ ಫ್ಯಾಕ್ಟರ್-3. ಹಣ ಕಡಿಮೆ ಇದ್ದರೆ ಕಿಮ್-1 ಮತ್ತು ಆಲ್ಬುಮಿನ್ ಎರಡನ್ನು ಆರಿಸಿ. ಮೊದಲನೆಯದು ನಳಿಕೆಯ ಗಾಯ ಹೇಳುತ್ತದೆ, ಎರಡನೆಯದು ಮೂತ್ರಪಿಂಡದ ರಕ್ತ ಸೋಸುವ ಜರಡಿ ಸೋರುತ್ತಿರುವುದನ್ನೂ ಹೇಳುತ್ತದೆ. ಎರಡನ್ನೂ ಅದೇ ಮಾದರಿಯ ಮೂತ್ರ ಕ್ರಿಯೇಟಿನಿನ್‌ನಿಂದ ಭಾಗಿಸಿ, ಇಲ್ಲವಾದರೆ ಹೆಚ್ಚು ನೀರು ಕುಡಿದ ಇಲಿ ಆರೋಗ್ಯವಾಗಿ ಕಾಣುತ್ತದೆ.

ಅಂಗಾಂಶ

ಕೊನೆಯ ದಿನ ಎರಡೂ ಮೂತ್ರಪಿಂಡ ತೂಗಿ, ಒಂದನ್ನು ಉದ್ದಕ್ಕೆ ಸೀಳಿ, ಶೇ 10 ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ 24ರಿಂದ 48 ಗಂಟೆ ಇಡಿ. ಸೀಳದೆ ಇಡೀ ಹಾಕಿದರೆ ಒಳಗೆ ಫಾರ್ಮಲಿನ್ ತಲುಪುವಷ್ಟರಲ್ಲಿ ನಳಿಕೆಗಳು ಕೊಳೆಯಲು ಶುರುವಾಗಿ, ಅದೇ ವಿಷದ ಹಾನಿಯಂತೆ ಕಾಣುತ್ತದೆ. 4ರಿಂದ 5 ಮೈಕ್ರಾನ್ ದಪ್ಪದ ಸೆಕ್ಷನ್, ಎಚ್ ಮತ್ತು ಇ ಬಣ್ಣ, ಜೊತೆಗೆ ಪಿಎಎಸ್. ನಳಿಕೆಯ ಒಳಅಂಚಿನ ಕುಂಚದಂಥ ಗೆರೆ ಪಿಎಎಸ್‌ನಲ್ಲಿ ಗುಲಾಬಿಯಾಗಿ ಎದ್ದು ಕಾಣುತ್ತದೆ, ಪೆಟ್ಟು ಬಿದ್ದಲ್ಲಿ ಅಳಿಸಿಹೋಗಿರುತ್ತದೆ. ಯಾವ ಗುಂಪಿನ ಸ್ಲೈಡ್ ಎಂದು ತಿಳಿಯದವರು 0ರಿಂದ 4ರವರೆಗೆ ಅಂಕ ಕೊಡಲಿ. ಜಾಗವನ್ನೂ ಬರೆಯಿರಿ. ಜೆಂಟಾಮೈಸಿನ್ ಹೊರಪದರದ ನಳಿಕೆಗಳನ್ನು ಹಿಡಿದರೆ, ಇಲಿಯಲ್ಲಿ ಸಿಸ್‌ಪ್ಲಾಟಿನ್ ಹೊರಪದರ ಒಳಪದರ ಸೇರುವ ಪಟ್ಟಿಯನ್ನು ಹಿಡಿಯುತ್ತದೆ.

ನಮ್ಮ ಕಡೆಯ ಎರಡು ಸಸ್ಯಗಳನ್ನು ಪರೀಕ್ಷಿಸುವವರಿಗೆ ಇಲ್ಲಿ ವಿಶೇಷ ಎಚ್ಚರ ಬೇಕು. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ನಳಿಕೆಗಳ ಸುತ್ತ ನಾರು ಕಟ್ಟಿಸುತ್ತದೆ. ಅದು ವಾರದ ಪ್ರಯೋಗಕ್ಕೆ ಸಿಗದೆ ತಿಂಗಳುಗಟ್ಟಲೆ ಬೇಡಬಹುದು, ನಾರು ಕಾಣಲು ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿಸಿ. ಬಿಂಬುಳಿಯಂಥ ಆಕ್ಸಲೇಟ್ ತುಂಬಿದ ಕಾಯಿಯ ರಸದ ಹಾನಿ ಹರಳಿನಿಂದ. ಎಚ್ ಮತ್ತು ಇ ಸ್ಲೈಡಿನಲ್ಲಿ ಆ ಹರಳುಗಳು ಬಣ್ಣವಿಲ್ಲದೆ ಕಣ್ತಪ್ಪಿ ಹೋಗುತ್ತವೆ. ಅದೇ ಸ್ಲೈಡಿಗೆ ಎರಡು ಪೋಲರೈಸರ್ ಅಡ್ಡ ಹಿಡಿದು ನೋಡಿ: ಸುತ್ತಲೂ ಕತ್ತಲಾಗಿ, ನಳಿಕೆಗಳ ಒಳಗೆ ಬೀಸಣಿಗೆಯ ಆಕಾರದ ಹರಳುಗಳು ಹೊಳೆಯುತ್ತವೆ.